ಡುಪ್ಲೆಕ್ಸರ್ ಕೇಬಲ್ ಕತ್ತರಿಸುವ ಮುಂಚೆ ಒಂದು ಮಾತು

ರೇಡಿಯೋ ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಉಪಕರಣ ರಿಪೀಟರ್; ಒಂದೇ ಆಂಟೆನಾದಲ್ಲಿ ಅದರ ಟ್ರಾನ್ಸ್‌ಮಿಟರ್, ರಿಸೀವರ್ ಎರಡೂ ಒಟ್ಟಿಗೆ ಕೆಲಸ ಮಾಡಲು ಬಿಡುವ ಫಿಲ್ಟರ್ ಡುಪ್ಲೆಕ್ಸರ್. ಡುಪ್ಲೆಕ್ಸರ್‌ನ ಕ್ಯಾವಿಟಿಗಳ (ಟ್ಯೂನ್ ಮಾಡುವ ಲೋಹದ ಡಬ್ಬಿಗಳ) ನಡುವಿನ ಕೇಬಲ್ ಸಾಮಾನ್ಯವಾಗಿ ಕಾಲು ತರಂಗದ್ದು, ಅಂದರೆ ತರಂಗಾಂತರದ ಕಾಲು ಭಾಗದಷ್ಟು ಉದ್ದ. ಲೆಕ್ಕ ಸುಲಭ: 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ವೆಲಾಸಿಟಿ ಫ್ಯಾಕ್ಟರ್‌ನಿಂದ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ಸಿಗ್ನಲ್‌ನ ವೇಗ ಎಷ್ಟು ಪಾಲು ಅನ್ನೋದು) ಗುಣಿಸಿ, ಉತ್ತರ ಮೀಟರ್‌ನಲ್ಲಿ ಬರುತ್ತದೆ. 146 ಮೆಗಾಹರ್ಟ್ಸ್‌ಗೆ, 0.66 ಇರುವ ಆರ್‌ಜಿ-214 ಕೇಬಲ್ ಆದರೆ ಸುಮಾರು 339 ಮಿಲಿಮೀಟರ್.

ನಾನು ಮೊದಲ ಸಲ ಸರಿಯಾಗಿ 339ಕ್ಕೆ ಕತ್ತರಿಸಿ, ಆಮೇಲೆ ಕನೆಕ್ಟರ್ ಹಾಕಿದೆ. ಒಂದೊಂದೇ ಕ್ಯಾವಿಟಿ ನೋಡಿದರೆ ನಾಚ್ (ಬೇಡದ ಆವರ್ತನವನ್ನು ತಡೆಯುವ ತಗ್ಗು) ಚೆನ್ನಾಗಿತ್ತು, ಜೋಡಿಸಿದರೆ ಲೆಕ್ಕದಷ್ಟು ಆಳ ಬರಲೇ ಇಲ್ಲ! ಕನೆಕ್ಟರ್, ಟೀ (T ಆಕಾರದ ಜೋಡಣೆ), ಕ್ಯಾವಿಟಿ ಒಳಗೆ ಸಿಗ್ನಲ್ ಸೇರಿಸುವ ತಂತಿಯ ಲೂಪ್, ಇವೆಲ್ಲ ಉದ್ದದಲ್ಲಿ ಸೇರುತ್ತವೆ ಅನ್ನೋದು ತಲೆಗೇ ಹೊಳೆದಿರಲಿಲ್ಲ. ಟೀ ಇದ್ದರೆ ಅದರ ನಡುವಿನಿಂದ ಅಳೆಯಬೇಕು. ಲೂಪ್‌ನ ಪಾಲು ಟೇಪ್ ಹಿಡಿದು ಸಿಗಲ್ಲ. ಹಾಗಾಗಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸದ ಮೂರು ನಾಲ್ಕು ಪರೀಕ್ಷಾ ಕೇಬಲ್ ಮಾಡಿಟ್ಟುಕೊಂಡು, ಯಾವುದರಲ್ಲಿ ನಾಚ್ ಜಾಸ್ತಿ ಆಳ, ಪಾಸ್ ಕಡೆ (ದಾಟಬೇಕಾದ ಆವರ್ತನದಲ್ಲಿ) ನಷ್ಟ ಕಡಿಮೆ ಅಂತ ನೋಡಿ. ಗೆದ್ದ ಉದ್ದಕ್ಕೇ ಉಳಿದವನ್ನು ಕತ್ತರಿಸಿ.

ವೆಲಾಸಿಟಿ ಫ್ಯಾಕ್ಟರನ್ನೂ ಸುಮ್ನೆ ನಂಬಬೇಡಿ. ಅದೇ ಸುರುಳಿಯಿಂದ 1 ಮೀಟರ್ ತುಂಡು ತೆಗೆದು, ತುದಿ ತೆರೆದೇ ಬಿಟ್ಟು, ನ್ಯಾನೋ ವಿಎನ್‌ಎಗೆ (ಬೇರೆ ಬೇರೆ ಆವರ್ತನದಲ್ಲಿ ಇಂಪೀಡೆನ್ಸ್ ಅಳೆಯುವ ಪುಟ್ಟ ಉಪಕರಣ) ಹಾಕಿ. ಇಂಪೀಡೆನ್ಸ್ ಮೊದಲ ಸಲ ಸೊನ್ನೆಯ ಹತ್ತಿರ ಬೀಳುವ ಮೆಗಾಹರ್ಟ್ಸನ್ನು 75ರಿಂದ ಭಾಗಿಸಿ. 49.5ಕ್ಕೆ ಬಿದ್ದರೆ 0.66. ಫೋಮ್ ಕೇಬಲ್‌ನಲ್ಲಿ ಇದು ಜಾಸ್ತಿ ಬರುತ್ತದೆ.

ಕಾಲು ತರಂಗದ ತುಂಡು ಗಿಡ್ಡವಾಗಿ ಎರಡು ಕ್ಯಾವಿಟಿಗೆ ಎಟುಕದಿದ್ದರೆ ಮುಕ್ಕಾಲು ತರಂಗ ಹಾಕಬಹುದು, ನಷ್ಟ ಸ್ವಲ್ಪ ಹೆಚ್ಚು. ಒಂದೇ ಹೆಣಿಗೆಯ ಶೀಲ್ಡ್ (ಸುತ್ತಲಿನ ಲೋಹದ ಜಾಲರಿ) ಇರುವ ಕೇಬಲ್ ಮಾತ್ರ ಬೇಡ. ಸೋರಿಕೆಯಾಗಿ ಟ್ರಾನ್ಸ್‌ಮಿಟರ್ ಸಿಗ್ನಲ್ ರಿಸೀವರ್‌ಗೆ ನುಗ್ಗುತ್ತದೆ.