ಹೊಟ್ಟೆಯ ಒಳಸ್ನಾಯುವಿನ ವ್ಯಾಯಾಮ: ಗೇಜಿನ ಮುಳ್ಳು ತೋರಿಸಿ ಕಲಿಸಿ

"ಹೊಟ್ಟೆ ಒಳಗೆ ಎಳೆದುಕೊಳ್ಳಿ" ಅಂದ ಕೂಡಲೇ ತುಂಬಾ ಜನ ಉಸಿರು ಕಟ್ಟಿ, ಬೆನ್ನನ್ನು ಮಂಚಕ್ಕೆ ಒತ್ತಿಬಿಡುತ್ತಾರೆ. ಒಳಗಿನ ಸ್ನಾಯು ಕಣ್ಣಿಗೆ ಕಾಣುವುದಿಲ್ಲ ಅಲ್ವಾ, ಅದಕ್ಕೇ ಪ್ರೆಶರ್ ಬಯೋಫೀಡ್‌ಬ್ಯಾಕ್ ಬೇಕು, ಅಂದರೆ ಗಾಳಿ ತುಂಬುವ ಚೀಲ ಮತ್ತು ಅದರ ಒತ್ತಡವನ್ನು ಮುಳ್ಳಿನಲ್ಲಿ ತೋರಿಸುವ ಗೇಜ್ ಇರುವ ಸಾಧನ. ಅದಿಲ್ಲದಿದ್ದರೆ ಮುಳ್ಳಿರುವ ಬಿಪಿ ಕಫ್ ಮಡಚಿಟ್ಟರೂ ನಡೆಯುತ್ತದೆ.

ಮಂಡಿ ಮಡಚಿ ಅಂಗಾತ ಮಲಗಿಸಿ, ಸೊಂಟದ ಕೆಳಗೆ ಚೀಲ ಇಟ್ಟು ಮುಳ್ಳು 40 mmHgಗೆ ಬರುವವರೆಗೆ ಗಾಳಿ ತುಂಬಿ. ಆರಾಮಾಗಿ ಉಸಿರಾಡಿದ ಮೇಲೆ ಮುಳ್ಳು ಇಳಿದಿದ್ದರೆ ಮತ್ತೆ 40ಕ್ಕೆ ತನ್ನಿ. ಗೇಜನ್ನು ಅವರ ಕೈಗೇ ಕೊಡಿ. ನೀವು ನೋಡಿ ಹೇಳುವುದಕ್ಕಿಂತ ಅವರೇ ನೋಡಿಕೊಂಡರೆ ಬೇಗ ಹಿಡಿತ ಸಿಗುತ್ತದೆ. ಉಸಿರು ಬಿಡುತ್ತಾ ಹೊಕ್ಕುಳ ಕೆಳಗಿನ ಭಾಗವನ್ನು ಮೆಲ್ಲಗೆ ಒಳಗೆಳೆದು 10 ಸೆಕೆಂಡ್ ಹಿಡಿಯಲಿ, ಮಧ್ಯೆ ಉಸಿರಾಟ ನಿಲ್ಲಬಾರದು, ಅದು ಸಲೀಸಾದ ಮೇಲೆ ಒಂದು ಹಿಮ್ಮಡಿಯನ್ನು ನಿಧಾನಕ್ಕೆ ಮುಂದೆ ಜಾರಿಸಲಿ. ಮುಳ್ಳು ಪಟ್ಟನೆ ಏರಿದರೆ ಬೆನ್ನು ಒತ್ತುತ್ತಿದ್ದಾರೆ, ಇಳಿದರೆ ಸೊಂಟ ಕಮಾನಾಗುತ್ತಿದೆ.

ಸುಮ್ನೆ ಮುಳ್ಳನ್ನೊಂದೇ ನಂಬಬೇಡಿ. ಸೊಂಟದ ಮುಂದಿನ ಮೂಳೆಯಿಂದ ಎರಡು ಬೆರಳು ಒಳಗೆ ಮುಟ್ಟಿ ನೋಡಿ: ಮೆತ್ತಗೆ ಬಿಗಿಯಾದರೆ ಸರಿ, ಬೆರಳನ್ನು ಹೊರಗೆ ತಳ್ಳಿದರೆ ಮೇಲ್ಪದರದ ಸ್ನಾಯುವೇ ಜಾಸ್ತಿ ದುಡಿಯುತ್ತಿದೆ. ಹಿಡಿತ ಬಂದ ಮೇಲೆ ಗೇಜ್ ತಿರುಗಿಸಿಟ್ಟು ಮಾಡಿಸಿ, ಮನೆಯಲ್ಲಿ ಅದು ಇರುವುದಿಲ್ಲ ತಾನೆ.