ದಪ್ಪ ನೆಕ್ಕಿನ ಒಂದು ಹೆಗಲು ತೇಯ್ದ ಕತೆ

ಈ ಸಲದ ಉತ್ಸವದ ಸೀಸನ್ನಿನಲ್ಲಿ ಹದಿನೆಂಟೋ ಹತ್ತೊಂಬತ್ತೋ ಗಾನಮೇಳ ನುಡಿಸಿದೆ. ಒಂದು ರಾತ್ರಿಯೂ ಎಡಗೈ ಹೆಬ್ಬೆರಳಿನ ಬುಡಕ್ಕೆ ಮುಲಾಮು ಹಚ್ಚಲಿಲ್ಲ. ಗಿಟಾರಿನ ನೆಕ್ಕನ್ನು, ಅಂದರೆ ಎಡಗೈ ಹಿಡಿಯುವ ಆ ಉದ್ದನೆಯ ಮರದ ಭಾಗವನ್ನು, ನಾನೇ ಒಂದು ಬದಿ ತೇಯ್ದದ್ದರ ಫಲ ಇದು. ಅದಕ್ಕಿಂತ ಮೊದಲಿನ ಎರಡು ವರ್ಷ ನನ್ನ ಗಿಟಾರ್ ಚೀಲದಲ್ಲಿ ಬಿಡಿ ತಂತಿ ಇಲ್ಲದಿದ್ದರೂ ಮುಲಾಮಿನ ಟ್ಯೂಬ್ ಇದ್ದೇ ಇರುತ್ತಿತ್ತು. ‘ನೆಕ್ ತೇಯ್ದರೆ ಕೈನೋವು ಹೋಗ್ತದಾ? ಮಾಷ್ಟ್ರಿಗೆ ಬೇರೆ ಕೆಲಸ ಇಲ್ಲ’ ಅಂತ ನಕ್ಕವರು ನಮ್ಮ ಟ್ರೂಪಿನಲ್ಲೇ ಮೂರು ಜನ ಇದ್ದಾರೆ. ಅವರು ಓದಲಿ ಅಂತಲೂ ಬರೆಯುತ್ತಿದ್ದೇನೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹಗಲು ಶಾಲೆ, ರಜೆಯಲ್ಲಿ ಅಡಿಕೆ ತೋಟ, ರಾತ್ರಿ ಗಾನಮೇಳ. ನಮ್ಮ ಕಡೆಯ ಗಾನಮೇಳ ಅಂದರೆ ನಿಮಗೆ ಗೊತ್ತು. ಒಂದೇ ರಾತ್ರಿ ಮಲಯಾಳಂ, ಕನ್ನಡ, ತುಳು, ತಮಿಳು, ನಡುವೆ ಎರಡು ಹಿಂದಿ. ಮೂರೂವರೆ ಗಂಟೆ ಬಿಡುವಿಲ್ಲ. ಗಾಯಕರು ತಮ್ಮ ಶ್ರುತಿಗೆ ಅರ್ಧ ಸ್ವರ ಇಳಿಸಿ ಅಂದರೆ ಸಾಕು, ಕೆಲವು ತಂತಿ ಒತ್ತದೆ ಬಿಡುವ ಓಪನ್ ಕಾರ್ಡ್ ಎಲ್ಲ ಹೋಗಿ, ಒಂದು ಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಬಾರ್ ಕಾರ್ಡ್ ಮಾತ್ರ ಉಳಿಯುತ್ತದೆ. ಹನ್ನೊಂದು ಗಂಟೆಯ ಹೊತ್ತಿಗೆ ಹೆಬ್ಬೆರಳು ಕಲ್ಲು.

ಎಲ್ಲರೂ ಕೊಟ್ಟ ಸಲಹೆ ಒಂದೇ. ತೆಳು ನೆಕ್ ತಗೋ. ಜಪಾನಿನ ಗಿಟಾರ್ ಕಂಪನಿ ಐಬನೆಜ್‌ನವರು ವಿಜಾರ್ಡ್ ಅನ್ನುವ ತೆಳು ನೆಕ್ ತಂದ ಮೇಲೆ ತೆಳು ಅಂದರೆ ಸ್ಪೀಡು, ತೆಳು ಅಂದರೆ ಆರಾಮ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ನಾನೂ ಮಂಗಳೂರಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಗಿಟಾರ್ ಹಿಡಿದೆ, ಹದಿನಾಲ್ಕು ಸಾವಿರ. ಕಂಪನಿ ಹೆಸರು ಬೇಡ. ಒಂದನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ನೆಕ್ಕಿನ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಹದಿನೆಂಟು ಮಿಲಿಮೀಟರ್ ದಪ್ಪ ಇತ್ತೇನೋ, ಹಿಂದೆ ಚಪ್ಪಟೆ, ಅಕ್ಷರಶಃ ಮಣೆ. ಅಂಗಡಿಯಲ್ಲಿ ಹತ್ತು ನಿಮಿಷ ನುಡಿಸಿದಾಗ ಸ್ವರ್ಗ. ಸ್ಟೇಜಿನಲ್ಲಿ ಒಂದು ಗಂಟೆಗೆ ನರಕ. ನೋವು ಮೊದಲಿಗಿಂತ ಜಾಸ್ತಿ ಆಯಿತು.

ಕಾರಣ ಹೊಳೆದದ್ದು ತೋಟದಲ್ಲಿ. ಹುಲ್ಲು ಕತ್ತಿಯ ಹಿಡಿ ಸಣ್ಣಗಾದರೆ ಕೈ ಬೇಗ ಸೋಲುತ್ತದೆ. ಹಿಡಿಗೆ ಟ್ಯೂಬಿನ ರಬ್ಬರ್ ಸುತ್ತಿದರೆ ಮಧ್ಯಾಹ್ನದ ತನಕ ಎಳೆಯಬಹುದು. ತೆಳು ನೆಕ್ಕಿಗೆ ಬೆರಳು ಜಾಸ್ತಿ ಮಡಚಬೇಕು, ಹೆಬ್ಬೆರಳು ಚಿವುಟಬೇಕು. ಅಂಗೈ ಖಾಲಿ ಉಳಿಯುತ್ತದೆ. ಎಲ್ಲರ ಕೈಗೂ ಹೀಗೇ ಅಂತ ಹೇಳುವುದಿಲ್ಲ. ಸೋಲೋ ಮಾತ್ರ ನುಡಿಸುವ ಹುಡುಗರು ಹೆಬ್ಬೆರಳನ್ನು ನೆಕ್ಕಿನ ಬೆನ್ನಿಗೆ ಇಟ್ಟು ಓಡಿಸುತ್ತಾರೆ, ಅವರಿಗೆ ಚಪ್ಪಟೆ ಡಿ ಸರಿಯೇ (ನೆಕ್ಕನ್ನು ಅಡ್ಡ ಕೊಯ್ದರೆ ಕಾಣುವ ಆಕಾರಕ್ಕೆ ಸಿ, ಡಿ, ಯು, ವಿ ಅಂತ ಇಂಗ್ಲಿಷ್ ಅಕ್ಷರದ ಹೆಸರು). ನನ್ನದು ಕಾರ್ಡ್ ಹಿಡಿಯುವ ರಿದಮ್ ಕೈ.

ಗಿಟಾರನ್ನು ಹನ್ನೊಂದೂವರೆಗೆ ಮಾರಿದೆ. ಎರಡೂವರೆ ಸಾವಿರ ಹೋಯಿತು.

ಆಮೇಲೆ ಸಿಕ್ಕಿದ್ದನ್ನೆಲ್ಲ ಬೇಡಿ ತಂದು ಹಿಡಿದು ನೋಡುವ ಹುಚ್ಚು. ಉಪ್ಪಳದ ಒಬ್ಬರ ಹತ್ತಿರ ಐವತ್ತರ ದಶಕದ ಮಾದರಿಯ ಟೆಲಿ, ಅಂದರೆ ಟೆಲಿಕಾಸ್ಟರ್ ಗಿಟಾರ್ ಇತ್ತು. ನೆಕ್ ದಪ್ಪ ಯು, ಇಪ್ಪತ್ತೈದು ಮಿಲಿಮೀಟರಿಗೆ ಕಡಿಮೆ ಇಲ್ಲ. ಒಂದು ವಾರ ಇಟ್ಟುಕೊಂಡೆ. ಕೆಳಗಿನ ನಾಲ್ಕು ಫ್ರೆಟ್ಟಿನಲ್ಲಿ ಮೊದಲ ಬಾರಿ ಹೆಬ್ಬೆರಳು ಸುಮ್ಮನಾಯಿತು. ಆದರೆ ಕಿರುಬೆರಳು ಎಲ್ಲಕ್ಕಿಂತ ಮೇಲಿನ ದಪ್ಪ ತಂತಿ, ಅಂದರೆ ಆರನೇ ತಂತಿ ಮುಟ್ಟಲು ತೆಂಗಿನಮರ ಹತ್ತಿದ ಹಾಗೆ ಚಾಚಬೇಕು. ಯು ನೆಕ್ಕಿನ ಎರಡೂ ಹೆಗಲು, ಅಂದರೆ ಬೆನ್ನಿನ ಎರಡು ಬದಿಯ ಉಬ್ಬು, ತುಂಬಿರುತ್ತದೆ, ಒಂದನೇ ತಂತಿಯ ಕಡೆಯ ಹೆಗಲು ಅಂಗೈಯನ್ನು ಹೊರಗೆ ತಳ್ಳುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ವಿ ನೆಕ್ ಕೂಡ ನೋಡಿದೆ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1955ರಿಂದ 57ರ ಸುಮಾರಿಗೆ ಮಾಡುತ್ತಿದ್ದ ವಿ ಈಗ ಹೆಚ್ಚಾಗಿ ಸಿಗುವುದು ಅದೇ ಮಾದರಿಯ ಹೊಸ ಗಿಟಾರಿನಲ್ಲಿ. ಬ್ಲೂಸ್ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಹೆಸರಿನ ಸ್ಟ್ರ್ಯಾಟ್‌ನಲ್ಲಿ, ಅಂದರೆ ಫೆಂಡರಿನ ಸ್ಟ್ರ್ಯಾಟೊಕಾಸ್ಟರ್ ಗಿಟಾರಿನಲ್ಲಿ, ಇರುವುದು ಮೆದು ವಿ. ಹೆಬ್ಬೆರಳನ್ನು ಮೇಲಿನಿಂದ ಮಡಚಿ ಬ್ಲೂಸ್ ಬೆಂಡ್ ಹಾಕುವವರಿಗೆ ಅದು ದೇವರು ಕೊಟ್ಟದ್ದು. ತಂತಿ ಎಳೆದು ಮೋಹನದ ಒಂದು ಜಾರು ಹಿಡಿದೆ, ಎಷ್ಟು ಸಲೀಸು ಅಂದರೆ ಇದೇ ಸಾಕು ಅನ್ನಿಸಿತು. ಬಾರ್ ಕಾರ್ಡಿಗೆ ಬಂದಾಗ ವಿಯ ಏಣು ಸೀದಾ ಹೆಬ್ಬೆರಳಿನ ಎಲುಬಿಗೇ. ಹತ್ತು ಹಾಡಿಗೆ ಗುರುತು ಬಿತ್ತು.

ಇಲ್ಲಿ ಒಂದು ಜಗಳದ ವಿಷಯ ಹೇಳಿಬಿಡುತ್ತೇನೆ. ಹಳೇ ಫೆಂಡರ್ ನೆಕ್ಕಿನ ಬುಡದಲ್ಲಿ ಎ, ಬಿ, ಸಿ, ಡಿ ಅಂತ ಒತ್ತಿರುತ್ತದಲ್ಲ, ಅದು ಆಕಾರ ಅಲ್ಲ, ನಟ್ಟಿನ ಅಗಲ (ನಟ್ಟು ಅಂದರೆ ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ). ಬಿ ಅಂದರೆ ಒಂದೂ ಐದೆಂಟಂಶ ಇಂಚು, ನಲವತ್ತೊಂದು ಮಿಲಿಮೀಟರ್ ಚಿಲ್ಲರೆ. ನಮ್ಮ ಬೇಸ್ ಗಿಟಾರಿನವನು ‘ಸಿ ಅಂದ್ರೆ ಸಿ ಶೇಪೇ ಮಾರಾಯ್ರೆ’ ಅಂತ ನನ್ನ ಹತ್ತಿರ ಎರಡು ಚಾಯದ ಪಂಥ ಕಟ್ಟಿ ಸೋತಿದ್ದಾನೆ. ಚಾಯ ಇನ್ನೂ ಬಂದಿಲ್ಲ.

ಮುಂದೆ ಮಾಡಿದ್ದು ಪೂರ್ತಿ ದಂಡ, ಆದರೂ ಹೇಳುತ್ತೇನೆ. ರಬ್ಬರ್ ಮರದ ತುಂಡು ತಂದು ಅರ್ಧ ಮೀಟರ್ ಉದ್ದದ ಐದು ಡಮ್ಮಿ ನೆಕ್ ಕೆತ್ತಿದೆ. ಸಿ, ಡಿ, ಯು, ಮೆದು ವಿ, ಚೂಪು ವಿ. ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದಾಗಿ ಹಿಡಿದು ಯಾವುದು ಹಿತ ಅಂತ ಮಗಳ ಹತ್ತಿರ ಮಾರ್ಕು ಬರೆಸಿದೆ. ಮೂರು ದಿನ ಚೂಪು ವಿ ಫಸ್ಟ್ ಬಂತು. ವಿ ಆಕಾರವೇ ಸ್ಟೇಜಿನಲ್ಲಿ ನನ್ನ ಹೆಬ್ಬೆರಳು ತಿಂದದ್ದು! ತಂತಿ ಇಲ್ಲದೆ, ಒತ್ತಡ ಇಲ್ಲದೆ ಹಿಡಿದರೆ ಕೈ ಸುಳ್ಳು ಹೇಳುತ್ತದೆ. ಐದರಲ್ಲಿ ಎರಡು ಈಗ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿವೆ.

ಇದರ ನಡುವೆ ಎರಡು ಸಣ್ಣ ಕೆಲಸದಿಂದ ಅರ್ಧ ದೂರು ಕಡಿಮೆ ಆಯಿತು. ಒಂದು, ಹೊಳೆಯುವ ವಾರ್ನಿಷ್ ಇರುವ ನೆಕ್ಕಿನ ಬೆನ್ನನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬಿನಿಂದ ಉದ್ದಕ್ಕೆ ಉಜ್ಜಿ ಮಂಕು ಮಾಡಿದ್ದು. ಇಪ್ಪತ್ತು ರೂಪಾಯಿ. ನಮ್ಮ ಕರಾವಳಿಯ ಬೆವರಿಗೆ ಹೊಳಪಿನ ನೆಕ್ ಅಂದರೆ ಅಂಟು. ಎರಡು, ಬೆರಳು ಒತ್ತುವ ಮುಂಬದಿಯ ಹಲಗೆ, ಅಂದರೆ ಫಿಂಗರ್‌ಬೋರ್ಡಿನ ಅಂಚನ್ನು ಬ್ಲೇಡಿನಿಂದ ಹೆರೆದು ಸ್ವಲ್ಪ ಉರುಟು ಮಾಡಿದ್ದು. ಹೊಸ ನೆಕ್ ಚೂಪಾಗಿ ಕೈಗೆ ಹತ್ತುವುದು ಆಕಾರದಿಂದ ಅಂತ ಎಷ್ಟೋ ಜನ ತಿಳಿದಿರುತ್ತಾರೆ, ಅದು ಅಂಚಿನದ್ದು. ಮೊದಲು ಇವೆರಡು ಮಾಡಿ ನೋಡಿ. ಅದರಲ್ಲೇ ಸರಿಹೋದರೆ ನನ್ನ ಹಾಗೆ ದುಡ್ಡು ಕಳೆಯಬೇಕಾಗಿಲ್ಲ.

ನನಗೆ ಸರಿಹೋಗಲಿಲ್ಲ. ಆನ್‌ಲೈನಿನಲ್ಲಿ ಹೆಸರಿಲ್ಲದ ಮೇಪಲ್ ನೆಕ್ ಒಂದು ತರಿಸಿದೆ, ಎರಡು ಸಾವಿರದ ಎಂಟುನೂರು. ಹಳೇ ಮಾದರಿ, ಬೆನ್ನಿಗೆ ಕಪ್ಪು ಪಟ್ಟಿ ಇರುವಂಥದ್ದು. ಇಪ್ಪತ್ತೆರಡು ದಪ್ಪ ಇತ್ತು. ಇಡೀ ಬೆನ್ನನ್ನು ತೇಯ್ದು ಮಧ್ಯದಲ್ಲಿ ಹತ್ತೊಂಬತ್ತಕ್ಕೆ ತಂದೆ. ಬುದ್ಧಿ ಎಲ್ಲಿತ್ತೋ. ನೆಕ್ಕಿನ ಬಾಗು ಸರಿಮಾಡಲು ಒಳಗಿರುವ ಲೋಹದ ಸರಳು, ಅಂದರೆ ಒಂದೇ ಕಡೆ ಎಳೆಯುವ ಟ್ರಸ್ ರಾಡ್, ಆ ಕಪ್ಪು ಪಟ್ಟಿಯ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿ ಕೂತಿರುತ್ತದೆ, ನಡುವಿನಲ್ಲಿ ಬೆನ್ನಿಗೆ ತೀರಾ ಹತ್ತಿರ. ತಂತಿ ಹಾಕಿ ಕಾಲು ಸುತ್ತು ಬಿಗಿ ಮಾಡಿದೆ. ಟಕ್. ಏಳನೇ ಫ್ರೆಟ್ಟಿನ ಹಿಂದೆ ಕಪ್ಪು ಪಟ್ಟಿ ಎದ್ದು ನಿಂತಿತು. ಮರಗೆಲಸದ ಆಚಾರ್ರಿಗೆ ತೋರಿಸಿದೆ. ತಿರುಗಿಸಿ ನೋಡಿ, ‘ಮಾಷ್ಟ್ರೆ, ಇದಕ್ಕೆ ಇನ್ನು ಒಲೆಯೇ’ ಅಂದರು.

ಎರಡನೇ ನೆಕ್ ಮೂರು ಸಾವಿರದ ಇನ್ನೂರು. ಈ ಸಲ ತಪ್ಪು ಮಾಡಿದ್ದು ತಿಂಗಳಿನಲ್ಲಿ. ಜುಲೈ. ಶಾಲೆಗೆ ಮಳೆ ರಜೆ ಸಿಕ್ಕಿತು ಅಂತ ಖುಷಿಯಿಂದ ವಾರ್ನಿಷ್ ಎಲ್ಲ ಹೆರೆದು, ಆಕಾರ ಕೊಟ್ಟು, ಎಣ್ಣೆ ನಾಳೆ ಹಚ್ಚುವ ಅಂತ ಅಟ್ಟದಲ್ಲಿ ಇಟ್ಟೆ. ನಾಳೆ ಅನ್ನುವುದು ಹದಿನೈದು ದಿನ ಆಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಿದು, ಹಪ್ಪಳವೇ ಬಟ್ಟೆಯಾಗುತ್ತದೆ, ಬೆತ್ತಲೆ ಮರ ಬಿಡುತ್ತದಾ? ತಿರುಚಿತು. ಆರನೇ ತಂತಿಯ ಕಡೆ ಎದ್ದು, ಒಂದನೇ ತಂತಿಯ ಕಡೆ ಮಲಗಿತ್ತು. ಟ್ರಸ್ ರಾಡ್ ಬಾಗು ತೆಗೆಯುತ್ತದೆಯೇ ಹೊರತು ತಿರುಚು ತೆಗೆಯುವುದಿಲ್ಲ.

ಎಣ್ಣೆಯ ಬಗ್ಗೆಯೂ ಮೂರ್ಖತನ ಆಯಿತು. ಹಾಳಾದ ನೆಕ್ಕಿನ ಒಂದು ತುಂಡಿಗೆ ತೆಂಗಿನೆಣ್ಣೆ ಹಚ್ಚಿದೆ. ಅದು ಒಣಗುವ ಎಣ್ಣೆ ಅಲ್ಲ, ತಿಂಗಳಾದರೂ ಜಿಡ್ಡು, ಮೇಲೆ ಇರುವೆ. ಇನ್ನೊಂದು ತುಂಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೆ ಬಳಿಯುತ್ತಾರಲ್ಲ, ಅದು. ಮರ ಕಪ್ಪಗೆ ಗಟ್ಟಿ ಆಯಿತು, ನನ್ನ ಬೆರಳಿನ ಚರ್ಮವೂ ಹಾರಿತು. ನೆಕ್ಕಿಗೆ ಬೇಡವೇ ಬೇಡ. ಕೊನೆಗೆ ಕುದಿಸಿದ ಅಗಸೆ ಎಣ್ಣೆಯೇ ಆಯಿತು, ತೆಳ್ಳಗೆ ನಾಲ್ಕು ಕೈ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ನೀರಲ್ಲಿ ಅದ್ದಿ ಹರಡಿ ಹಾಕಿ. ಅಗಸೆ ಎಣ್ಣೆಗೆ ನಾನು ಇನ್ನೊಂದು ಸೇರಿಸುತ್ತೇನೆ. ಅದೇನು ಅಂತ ಆಚಾರ್ರಿಗೆ ಮಾತು ಕೊಟ್ಟಿದ್ದೇನೆ, ಹೇಳುವ ಹಾಗಿಲ್ಲ.

ಮೂರನೇ ಸಲ ಸುಮ್ಮನೆ ಕೂತು ಯೋಚಿಸಿದೆ. ಯು ನೆಕ್ಕಿನಲ್ಲಿ ಹೆಬ್ಬೆರಳಿಗೆ ಸುಖ ಕೊಟ್ಟದ್ದು ಆರನೇ ತಂತಿಯ ಕಡೆಯ ಹೆಗಲು. ಕಷ್ಟ ಕೊಟ್ಟದ್ದು ಒಂದನೇ ತಂತಿಯ ಕಡೆಯದ್ದು. ಹಾಗಾದರೆ ಎರಡನ್ನೂ ಯಾಕೆ ತೇಯಬೇಕು? ಬೆನ್ನು ಹಾಗೇ ಇರಲಿ, ಮೇಲಿನ ಹೆಗಲು ಹಾಗೇ ಇರಲಿ, ಕೆಳಗಿನದನ್ನು ಮಾತ್ರ ಇಳಿಸುವ. ಇದು ನಾನು ಕಂಡುಹಿಡಿದದ್ದು ಅಂತ ಜಂಬ ಇಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯವರು ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್‌ಗೆ ಮಾಡಿದ ಗಿಟಾರಿನ ನೆಕ್ ಕೂಡ ಎರಡು ಕಡೆ ಒಂದೇ ಥರ ಇರಲಿಲ್ಲ. ಆದರೆ ಬದಿಯಡ್ಕದಲ್ಲಿ ಮಾಡಿದ್ದು ನಾನೇ ಮೊದಲು, ಅದರಲ್ಲಿ ಸಂಶಯ ಇಲ್ಲ. ಇದರಲ್ಲಿ ದೊಡ್ಡ ಲಾಭ ಅಂದರೆ ಟ್ರಸ್ ರಾಡಿನ ಮೇಲಿನ ಮರಕ್ಕೆ ನೀವು ಕೈಯೇ ಹಾಕುವುದಿಲ್ಲ.

ದಪ್ಪ ಸಿ ನೆಕ್ ತರಿಸಿದೆ, ನಾಲ್ಕು ಸಾವಿರದ ಆರುನೂರು. ಒಂದನೇ ಫ್ರೆಟ್ಟಿನಲ್ಲಿ ಇಪ್ಪತ್ತೆರಡೂವರೆ, ಹನ್ನೆರಡರಲ್ಲಿ ಇಪ್ಪತ್ತನಾಲ್ಕು. ಡಿಸೆಂಬರ್ ತನಕ ಕಾದೆ. ಸರ್ವಿಸ್ ವಯರಿನ ಅಲ್ಯುಮಿನಿಯಂ ತಂತಿಯನ್ನು ನೆಕ್ಕಿಗೆ ಬಗ್ಗಿಸಿ, ಗ್ರಾಫ್ ಕಾಗದದಲ್ಲಿ ಗೀರಿ, ಒಂದು, ಐದು, ಒಂಬತ್ತನೇ ಫ್ರೆಟ್ಟಿಗೆ ರಟ್ಟಿನ ಅಚ್ಚು ಕತ್ತರಿಸಿದೆ. ಫಿಂಗರ್‌ಬೋರ್ಡಿಗೆ ಮಾಸ್ಕಿಂಗ್ ಟೇಪು. ಅರದಿಂದ ಮೊದಲು ಅಚ್ಚು ಇರುವ ಮೂರು ಕಡೆ ಮಾತ್ರ ಇಳಿಸಿ, ಆಮೇಲೆ ಮೂರನ್ನೂ ಸೇರಿಸಿದೆ. ಅರದ ಗೆರೆ ತೆಗೆಯಲು ಆಚಾರ್ರು ಹೇಳಿಕೊಟ್ಟ ಗಾಜಿನ ಚೂರು. ಯಾವ ಸ್ಕ್ರೇಪರೂ ಅದರ ಮುಂದೆ ನಿಲ್ಲುವುದಿಲ್ಲ. ಕೊನೆಗೆ ಎಮರಿ ಬಟ್ಟೆಯ ಪಟ್ಟಿ, ಬೂಟ್ ಪಾಲಿಶ್ ಮಾಡುವ ಹಾಗೆ ಆ ಕಡೆ ಈ ಕಡೆ ಎಳೆದು. ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು ನಂಬರಿನವು.

ಎಷ್ಟು ಇಳಿಸಿದೆ? ಹೆಗಲಿನ ಉಬ್ಬಿನಲ್ಲಿ ಒಂದೂವರೆ ಮಿಲಿಮೀಟರ್ ಹತ್ತಿರ, ಹನ್ನೆರಡರ ಕಡೆ ಹೋದಂತೆ ಸ್ವಲ್ಪ ಜಾಸ್ತಿ. ಐದರಿಂದ ಒಂಬತ್ತರ ನಡುವೆ ಒಂದು ಸಣ್ಣ ಕೈಚಳಕ ಇದೆ, ಅದು ನನ್ನಲ್ಲೇ ಇರಲಿ. ಪ್ರತಿ ಅರ್ಧ ಗಂಟೆಗೆ ತಂತಿ ಹಾಕಿ ಎಫ್ ಬಾರ್ ಕಾರ್ಡ್ ಹಿಡಿದು ನೋಡಿ, ಮತ್ತೆ ಬಿಚ್ಚಿ. ಬೇಜಾರಿನ ಕೆಲಸ, ಆದರೆ ಡಮ್ಮಿ ನೆಕ್ಕಿನ ಪಾಠ ಅದೇ ಅಲ್ವಾ. ಮೂರು ಭಾನುವಾರ ಹಿಡಿಯಿತು. ಆಕಾರ ಮುಗಿದ ಸಂಜೆಯೇ ಮೊದಲ ಕೈ ಎಣ್ಣೆ, ಊಟಕ್ಕೂ ಏಳಲಿಲ್ಲ.

ನೆಕ್ಕು ಮೂರಕ್ಕೆ ಹತ್ತು ಸಾವಿರದ ಆರುನೂರು. ಅರ, ಕಾಗದ, ಎಣ್ಣೆ, ಹಳೇ ವರ್ನಿಯರ್ ಸೇರಿ ಇನ್ನೊಂದು ಎರಡು ಸಾವಿರ. ತೆಳು ಗಿಟಾರಿನಲ್ಲಿ ಕಳೆದದ್ದು ಎರಡೂವರೆ. ಒಟ್ಟು ಹದಿನೈದು ಸಾವಿರ ಚಿಲ್ಲರೆ. ಮನೆಯವಳ ಲೆಕ್ಕದಲ್ಲಿ ಇಪ್ಪತ್ತು. ಅವಳು ಚಪಾತಿ ಲಟ್ಟಣಿಗೆಗೂ ಕೂಲಿ ಹಾಕಿದ್ದಾಳೆ.

ಜನವರಿಯಲ್ಲಿ ಕುಂಬಳೆ ಹತ್ತಿರದ ಒಂದು ಉತ್ಸವದಲ್ಲಿ ಮೊದಲ ಸಲ ಸ್ಟೇಜಿಗೆ ತಂದೆ. ಇಪ್ಪತ್ತಾರು ಹಾಡು. ಕೊನೆಯ ಮೂರು ತುಳು ಫಾಸ್ಟ್. ಇಳಿದು ಬಂದಾಗ ಕೀಬೋರ್ಡಿನವರು ಅಭ್ಯಾಸದಿಂದ ಮುಲಾಮಿನ ಟ್ಯೂಬ್ ನನ್ನ ಕಡೆ ಚಾಚಿದರು. ಬೇಡ ಅಂದೆ. ನೆಕ್ ಹಿಡಿದು ನೋಡಿದರು, ತಿರುಗಿಸಿ ಮತ್ತೆ ನೋಡಿದರು. ‘ಇದು ಓರೆ ಉಂಟಲ್ಲ ಮಾಷ್ಟ್ರೆ?’ ಅಂದರು. ಓರೆಯೇ ಅಂದೆ.

ಈಗ ಜೂನ್. ಮೊನ್ನೆ ಬೇಸಿನವನು ಜಡಿಮಳೆಯಲ್ಲಿ ಬೈಕಿನಲ್ಲಿ ಬಂದ. ಬೆನ್ನ ಮೇಲೆ ಪ್ಲಾಸ್ಟಿಕ್ ಸುತ್ತಿದ ಬೇಸು. ‘ಇದಕ್ಕೂ ಸ್ವಲ್ಪ ಆ ಕೆಳಗಿನ ಹೆಗಲು...’ ಅಂತ ಶುರು ಮಾಡಿದ. ಡಿಸೆಂಬರಿಗೆ ಬಾ, ಬರುವಾಗ ಎರಡು ಚಾಯದ ದುಡ್ಡೂ ತಾ ಅಂತ ಕಳಿಸಿದೆ.