ಕಾಫಿ ಕೊಯ್ಲಿನ ನಡುವೆ ನಂಬಿಗಸ್ತರಾಗಿರುವುದು ಹೇಗೆ

ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ, ಸಂಜೆ ತೂಕ, ಶನಿವಾರ ಬಟವಾಡೆ. ಭಾನುವಾರ ನಮ್ಮ ಸಭೆಯಲ್ಲಿ ಯೌವನಸ್ಥರಿಗೆ ಪಾಠ ಹೇಳುತ್ತೇನೆ. ಪಿಯುಸಿ ಮುಗಿಸಿದ ಯಾರಾದರೂ ಒಬ್ಬರು ವರ್ಷಕ್ಕೊಮ್ಮೆಯಾದರೂ ಕೇಳುತ್ತಾರೆ: "ಅಂಕಲ್, ನನ್ನ ಬಗ್ಗೆ ದೇವರ ಚಿತ್ತ ಏನು ಅಂತ ಗೊತ್ತು ಮಾಡ್ಕೊಳ್ಳೋದು ಹೇಗೆ?" ಕೇಳುವಾಗ ಅವರ ಮನಸ್ಸಿನಲ್ಲಿ ಬೆಂಗಳೂರೋ, ನರ್ಸಿಂಗೋ, ಬೈಬಲ್ ಕಾಲೇಜೋ ಇರುತ್ತದೆ. ತೋಟದ ಕೆಲಸ, ಅಂಗಡಿ ಕೆಲಸ, ಹಾಸಿಗೆ ಹಿಡಿದ ಅಜ್ಜಿಯ ಸೇವೆ, ಇವೆಲ್ಲ ಚಿತ್ತ ಗೊತ್ತಾಗುವ ತನಕ ದಿನ ದೂಡುವ ಜಾಗಗಳು ಅಂತ ಅವರ ಲೆಕ್ಕ. ನನಗೆ ಆ ಲೆಕ್ಕ ಒಪ್ಪಿಗೆ ಇಲ್ಲ. ಇವತ್ತು ನಿಮ್ಮ ಕೈಗೆ ಬಂದಿರುವ ಕೆಲಸವನ್ನು ನಿಮ್ಮ ಹಿಂದೆ ಬಂದವರು ಮತ್ತೆ ಪರೀಕ್ಷಿಸಬೇಕಾಗದ ಹಾಗೆ ಮಾಡಿ. ಚಿತ್ತದ ಮುಕ್ಕಾಲು ಪಾಲು ಅಲ್ಲಿಯೇ ಇದೆ. ಮಾಡುವ ಬಗೆಯನ್ನು ನನ್ನ ಕೆಲಸದಿಂದಲೇ ಹೇಳುತ್ತೇನೆ, ನಿಮ್ಮ ಕೆಲಸಕ್ಕೆ ನೀವು ಹೊಂದಿಸಿಕೊಳ್ಳಿ.

ಮೊದಲು ಗೋಡೆಯ ಕ್ಯಾಲೆಂಡರ್ ವಿಷಯ. ನಮ್ಮವರ ಮನೆಗಳಲ್ಲಿ ಯೆರೆಮೀಯ 29:11 ಇಲ್ಲದ ಗೋಡೆ ಕಡಿಮೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದೇ, ಕೇಡಿನದಲ್ಲ ಅನ್ನುವ ಮಾತು. ಒಳ್ಳೆಯ ವಚನವೇ. ಆದರೆ ಇಡೀ ಅಧ್ಯಾಯ ಓದಿ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸಾರಿದ್ದ. ಯೆರೆಮೀಯ ಎಪ್ಪತ್ತು ವರ್ಷ ಅಂತ ಬರೆದ. ಅಲ್ಲಿ ತನಕ ಏನು ಮಾಡಬೇಕು ಅನ್ನುವುದು ಐದರಿಂದ ಏಳನೇ ವಚನದಲ್ಲಿದೆ: ಮನೆ ಕಟ್ಟಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮ ಹುಡುಕಿ ಅದಕ್ಕಾಗಿ ಪ್ರಾರ್ಥಿಸಿ. ಹನ್ನೊಂದನ್ನು ಮಾತ್ರ ಅಚ್ಚು ಹಾಕಿ ಐದು, ಏಳನ್ನು ಬಿಟ್ಟ ಕ್ಯಾಲೆಂಡರಿನವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಹನನ್ಯನ ಮಾತಿಗೆ ಈಗಲೂ ಗಿರಾಕಿ ಜಾಸ್ತಿ.

ಇನ್ನು ದಿನದ ಪ್ರಾರ್ಥನೆ. ಅರೇಬಿಕಾ ನವೆಂಬರ್‌ನಲ್ಲಿ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಕೆಲವು ವರ್ಷ ಮಾರ್ಚ್ ತನಕ ಎಳೆಯುತ್ತದೆ. ಈ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಮೊಣಕಾಲೂರುತ್ತೇನೆ ಅಂತ ಹರಕೆ ಹೊರಬೇಡಿ. ಸುಳ್ಳಾಗುತ್ತದೆ, ಆಮೇಲೆ ಬೇಸರದಲ್ಲಿ ಇದ್ದದ್ದನ್ನೂ ಬಿಡುತ್ತೀರಿ. ಫೋನ್ ಮುಟ್ಟುವ ಮೊದಲು ಒಂದು ಕೀರ್ತನೆ ಓದಿ, ಸಾಕು. ಕೊಯ್ಲಿಗೆ 90ನೇ ಕೀರ್ತನೆ ಹೇಳಿ ಮಾಡಿಸಿದ್ದು. ನಮ್ಮ ಕೈಕೆಲಸವನ್ನು ಸ್ಥಿರಪಡಿಸು ಅನ್ನುವ ಬೇಡಿಕೆಯೊಂದಿಗೆ ಮುಗಿಯುತ್ತದೆ.

ಉಳಿದ ಪ್ರಾರ್ಥನೆಗೆ ಆಳುಗಳ ಹಾಜರಿ ಪಟ್ಟಿಯಾದ ಚೆಕ್‌ರೋಲ್ ಬಳಸಿ. ನಾನು ಹಾಜರಿ ಕೂಗುವಾಗ ಒಂದೊಂದು ಹೆಸರಿಗೂ ಅವರು "ಬಂದೆ" ಅನ್ನುವಷ್ಟು ಹೊತ್ತಿನಲ್ಲಿ ಮನಸ್ಸಿನೊಳಗೆ ಒಂದು ಮಾತು ಹೇಳಿಕೊಳ್ಳುತ್ತೇನೆ. ಇವಳ ಸೊಂಟನೋವು. ಇವನ ಮಗನ ಹಾಸ್ಟೆಲ್ ಸೀಟು. ಇವರಿಬ್ಬರ ಜಗಳ. ಹೊರಗಿನವರಿಗೆ ನಾನು ಹೆಸರು ಕೂಗುವುದು ಮಾತ್ರ ಕೇಳುತ್ತದೆ. ನಮ್ಮ ಪಟ್ಟಿಯಲ್ಲಿ ಯರವರಿದ್ದಾರೆ, ತಮಿಳರಿದ್ದಾರೆ, ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಪಟ್ಟಿ ದೇವರ ಮುಂದೆ ಓದಿದ ಮೇಲೆ ಗೈರುಹಾಜರಿಯ ಎದುರು ಸುಮ್ಮನೆ ಅಡ್ಡಗೆರೆ ಎಳೆಯಲು ಆಗುವುದಿಲ್ಲ, ಯಾಕೆ ಬರಲಿಲ್ಲ ಅಂತ ಕೇಳಬೇಕೆನಿಸುತ್ತದೆ. ಹತ್ತು ಗಂಟೆ ಟೀಗೆ ಬಿಟ್ಟಾಗ ಆಳುಗಳಿರುವ ಲೈನ್ ಮನೆ ಕಡೆ ನಡೆದು ಬನ್ನಿ. ಒಮ್ಮೆ ಹಾಗೆ ಹೋದಾಗ ಒಬ್ಬಾಕೆ ಮಗುವಿನ ಜ್ವರಕ್ಕೆ ತಣ್ಣೀರು ಬಟ್ಟೆ ಹಾಕುತ್ತಾ ಕೂತಿದ್ದಳು. ಆಸ್ಪತ್ರೆಗೆ ಹೋಗಲು ಕೈಯಲ್ಲಿ ಕಾಸಿಲ್ಲ, ಕೇಳಲು ಭಾಷೆ ಇಲ್ಲ. ಜೀಪಿಗೆ ಹೇಳಿ ಕಳಿಸಿದ್ದಷ್ಟೇ ನಾನು ಮಾಡಿದ ಕೆಲಸ. ನೀವು ಟೀಚರಾದರೆ ಹಾಜರಿ ಪುಸ್ತಕ ನಿಮ್ಮಲ್ಲೂ ಇದೆ. ಅಂಗಡಿಯವರಿಗೆ ಸಾಲದ ಪುಸ್ತಕ.

ತೂಕದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಿ, ಪರೀಕ್ಷೆ ಇರುವುದೇ ಇಲ್ಲಿ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ನಾಲ್ಕು ಗಂಟೆಗೆ ಗೋಣಿಗಳು ಸಾಲಾಗಿ ಬಂದು ಕೂರುತ್ತವೆ. ಎಲೆ, ಕಡ್ಡಿ, ಹಸಿಕಾಯಿ ಆರಿಸಿದ ಮೇಲೆ ತೂಕ. ಖಾಲಿ ಗೋಣಿಯ ತೂಕ ಕಳೆಯುವುದು ನ್ಯಾಯ. ಆದರೆ "ಗೋಣಿ, ನೀರು, ಕಸ ಎಲ್ಲ ಸೇರಿ ಎರಡು ಮೂರು ಕಿಲೋ ಹಿಡಿ" ಅನ್ನುವ ಪದ್ಧತಿ ಕೆಲವು ಕಡೆ ಇದೆ. ಚೀಲಕ್ಕೆ ಒಂದು ಕಿಲೋ ಹೆಚ್ಚು ಹಿಡಿದರೂ ಸೀಸನ್ ಮುಗಿಯುವಾಗ ಒಂದು ಕುಟುಂಬದ ಎಷ್ಟು ದಿನದ ಬೆವರು ಹೋಯಿತು ಅಂತ ನೀವೇ ಗುಣಿಸಿ ನೋಡಿ. ಕಳ್ಳತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1 ಹೇಳುತ್ತದೆ. ಯಾಜಕಕಾಂಡ 19ರಲ್ಲಿ ತಕ್ಕಡಿ, ತೂಕದ ಕಲ್ಲು, ಕೊಳಗ ಎಲ್ಲವೂ ಸರಿಯಿರಬೇಕು ಅಂತ ಒಂದೊಂದೇ ಹೆಸರಿಸಿ ಹೇಳಿದೆ.

ಹೀಗೆ ಮಾಡಿ. ತಕ್ಕಡಿಗೆ ಅಳತೆ ಇಲಾಖೆಯ ಮುದ್ರೆ ಆಗಿದೆಯೇ ಅಂತ ಕೊಯ್ಲಿಗೆ ಮೊದಲೇ ನೋಡಿ. ದಿನಾ ತೂಕ ಶುರು ಮಾಡುವ ಮುಂಚೆ ಇಪ್ಪತ್ತು ಕಿಲೋ ಬಟ್ಟು ಇಟ್ಟು ಎಲ್ಲರಿಗೂ ತೋರಿಸಿ. ಖಾಲಿ ಗೋಣಿ ಒಂದನ್ನು ಅವರ ಎದುರೇ ತೂಗಿ, ಬಂದಷ್ಟನ್ನೇ ಕಳೆಯಿರಿ. ಇಬ್ಬನಿಯಲ್ಲಿ ನೆನೆದ ಗೋಣಿಯಾದರೆ ನೆನೆದ ಗೋಣಿಯನ್ನೇ ತೂಗಿ, ಆಗ ಸಾಹುಕಾರರಿಗೂ ನಷ್ಟವಿಲ್ಲ. ಕನ್ನಡ ಓದಲು ಬಾರದವರು ತಕ್ಕಡಿಯ ಅಂಕಿ ಕಾಣುವ ಕಡೆ ನಿಲ್ಲಲಿ. ಒಂದೊಂದು ಸಣ್ಣ ನೋಟ್‌ಬುಕ್ ಕೊಟ್ಟು ನಿಮ್ಮ ಪುಸ್ತಕದಲ್ಲಿ ಬರೆದದ್ದನ್ನು ಅದರಲ್ಲೂ ಬರೆಯಿರಿ. ಎರಡು ಪುಸ್ತಕಗಳೂ ಒಂದೇ ಹೇಳಿದರೆ ಶನಿವಾರ ಗಲಾಟೆ ಇಲ್ಲ.

ಹೆಚ್ಚು ಹಿಡಿ ಅಂತ ಮೇಲಿನವರೇ ಹೇಳಿದರೆ? ನನಗೂ ಒಂದು ತೋಟದಲ್ಲಿ ಹೇಳಿದ್ದರು. ಆಳುಗಳ ಎದುರು ಪ್ರಸಂಗ ಮಾಡಬೇಡಿ, ಯಾರ ಮರ್ಯಾದೆಯೂ ಉಳಿಯುವುದಿಲ್ಲ. ಒಬ್ಬರೇ ಹೋಗಿ, ಲೆಕ್ಕ ತೆಗೆದುಕೊಂಡು ಹೋಗಿ. ಈ ಪದ್ಧತಿಯಿಂದ ಸಿಗುವುದು ಇಷ್ಟು, ಜನ ಬೇಸತ್ತು ಪಕ್ಕದ ತೋಟಕ್ಕೆ ಹೋದರೆ ಗಿಡದಲ್ಲೇ ಒಣಗಿ ಉದುರುವ ಹಣ್ಣು ಇಷ್ಟು ಅಂತ ತೋರಿಸಿ. ಆಮೇಲೆ "ಸಾರ್, ಆ ಅಂಕಿ ನನ್ನ ಕೈಯಿಂದ ಬರೆಯಲಾಗದು" ಅಂತ ಒಂದೇ ಮಾತು ಹೇಳಿ ಸುಮ್ಮನಾಗಿ. ಕೆಲವರು ಒಪ್ಪುತ್ತಾರೆ. ಕೆಲವರು ಬೇರೆ ರೈಟರ್ ಹುಡುಕುತ್ತಾರೆ. ಕೆಲಸ ಹೋಗುವುದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ, ಬೈಬಲ್ಲೂ ಕೊಟ್ಟಿಲ್ಲ. ಮಾಡುವುದನ್ನೆಲ್ಲ ಮನುಷ್ಯರಿಗೆಂದು ಮಾಡದೆ ಕರ್ತನಿಗೆಂದು ಮಾಡಿ ಅನ್ನುವ ಕೊಲೊಸ್ಸೆ 3:23 ನೌಕರಿ ಬದಲಿಸಬಲ್ಲವರಿಗೆ ಬರೆದ ಮಾತೂ ಅಲ್ಲ. ಹಿಂದಿನ ವಚನ ನೋಡಿ, ದಾಸರಿಗೆ ಬರೆದದ್ದು.

ಬಟವಾಡೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡಬೇಕೆಂಬುದು ಧರ್ಮೋಪದೇಶಕಾಂಡ 24:15. ವಾರದ ಬಟವಾಡೆಗೂ ನಾನು ಅದನ್ನು ಗಡಿಯಾರದ ಲೆಕ್ಕದಲ್ಲೇ ತೆಗೆದುಕೊಳ್ಳುತ್ತೇನೆ. ಶನಿವಾರ ಏಳು ಗಂಟೆಗೆ ದುಡ್ಡು ಕೊಟ್ಟರೆ ಕಿರಾಣಿ ಅಂಗಡಿ ಬಾಗಿಲು ಹಾಕಿರುತ್ತದೆ, ತೆರೆದಿರುವುದು ಬಾರ್ ಮಾತ್ರ. ನಾಲ್ಕಕ್ಕೇ ಕೊಟ್ಟರೆ ಹೆಂಗಸರು ಅಕ್ಕಿ, ಎಣ್ಣೆ ತಂದಿಟ್ಟುಕೊಳ್ಳುತ್ತಾರೆ. ಗಂಡನ ಕೂಲಿ ಗಂಡನ ಕೈಗೆ, ಹೆಂಡತಿಯದು ಹೆಂಡತಿಯ ಕೈಗೆ. ಒಟ್ಟು ಸೇರಿಸಿ ಒಬ್ಬನ ಕೈಗೆ ಕೊಡಬೇಡಿ. ಕುಡಿತದ ಮೇಲೆ ನೂರು ಪ್ರಸಂಗ ಮಾಡುವುದಕ್ಕಿಂತ ಈ ಮೂರು ಗಂಟೆಯ ವ್ಯತ್ಯಾಸ ಹೆಚ್ಚು ಕೆಲಸ ಮಾಡುತ್ತದೆ ಅಂತ ನನ್ನ ಅಭಿಪ್ರಾಯ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಮತ್ತಾಯ 20ರ ದ್ರಾಕ್ಷಿತೋಟದ ಸಾಮ್ಯದ, ಅಂದರೆ ಯೇಸು ಹೇಳಿದ ಕತೆಯ ಮೇಲೆ ಪ್ರಸಂಗ ಕೇಳದವರಿಲ್ಲ. ಬೆಳಿಗ್ಗೆ ಬಂದವರಿಗೂ ಸಂಜೆ ಐದಕ್ಕೆ ಬಂದವರಿಗೂ ಒಂದೇ ಕೂಲಿ. ಯಜಮಾನನ ಮೇಲೆ ಮಾತಾಡುತ್ತಾರೆ, ಗೊಣಗಿದ ಆಳುಗಳ ಮೇಲೆ ಮಾತಾಡುತ್ತಾರೆ. ಆದರೆ ಎಂಟನೇ ವಚನದಲ್ಲಿ ಇನ್ನೊಬ್ಬನಿದ್ದಾನೆ, ಪಾರುಪತ್ಯಗಾರ. ಆಳುಗಳನ್ನು ಕರೆದು ಕೂಲಿ ಕೊಡು ಅಂತ ಯಜಮಾನ ಅವನಿಗೆ ಹೇಳುತ್ತಾನೆ. ಅಂದರೆ ರೈಟರ್! ಐದಕ್ಕೆ ಬಂದವನಿಗೆ ಇಡೀ ದಿನದ ಕೂಲಿ ಯಾಕೆ ಅಂತ ಅವನು ಗೊಣಗಿದ ಸುದ್ದಿ ಇಲ್ಲ, ಅದರಲ್ಲಿ ಅರ್ಧ ಜೇಬಿಗೆ ಹಾಕಿಕೊಂಡ ಸುದ್ದಿಯೂ ಇಲ್ಲ. ಯಜಮಾನನ ಧಾರಾಳತನ ಅವನ ಕೈ ದಾಟಿ ಪೂರ್ತಿಯಾಗಿ ಆಚೆಯವರಿಗೆ ತಲುಪಿತು. ಅವನ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ. ನನಗೆ ಮಾತ್ರ ಆ ಅಧ್ಯಾಯದಲ್ಲಿ ಅವನೇ ಕಣ್ಣಿಗೆ ಬೀಳುವುದು.

ಭಾನುವಾರದ ಆರಾಧನೆ ತಪ್ಪದಿರಬೇಕಾದರೆ ಮಾತುಕತೆ ಕೊಯ್ಲು ಶುರುವಾಗುವ ಮೊದಲೇ ಆಗಲಿ. ಕಣದಲ್ಲಿ ಕಾಫಿ ಹರಡಿರುವಾಗ ಶನಿವಾರ ರಾತ್ರಿ ಹೋಗಿ "ನಾಳೆ ಬರಲ್ಲ" ಅಂದರೆ ಅದು ಭಕ್ತಿಯಾಗಿ ಕಾಣುವುದಿಲ್ಲ. ನಿಮ್ಮ ಬದಲು ಯಾರು ಕಣ ನೋಡುತ್ತಾರೆ ಅಂತ ನೀವೇ ಹೇಳಿಕೊಟ್ಟು ಹೋಗಿ. ಅವರ ಹಬ್ಬಕ್ಕೆ ಅವರ ಕೆಲಸ ನೀವು ಹೊತ್ತುಕೊಳ್ಳಿ. ನಮ್ಮ ತೋಟದಲ್ಲಿ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ದಿನ ಕಣ ನನ್ನದು. ಜನವರಿಯಲ್ಲಿ ಅಕಾಲ ಮಳೆ ಬಂದರೆ ಮಾತ್ರ ಎಲ್ಲ ಬಿಟ್ಟು ಟಾರ್ಪಲ್ ಎಳೆಯಲು ಓಡಿ. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತಿನ ಮಾತು ಲೂಕ 14ರಲ್ಲಿದೆ. ಹುತ್ತರಿಗೆ ಪಕ್ಕದ ಮನೆಯವರು ಕರೆದರೆ ಹೋಗಿ ತಂಬಿಟ್ಟು ತಿಂದು ಬನ್ನಿ, ಕ್ರಿಸ್ಮಸ್ಸಿಗೆ ಅವರನ್ನು ಕರೆಯಿರಿ. ಇದಕ್ಕೆ ಹೆಚ್ಚು ಚರ್ಚೆ ಬೇಡ.

ಕಾಣಿಕೆಯ ಬಗ್ಗೆ ಪಾಸ್ಟರ್ ಹೇಳುತ್ತಾರೆ, ನಾನು ಹೇಳುವುದಿಲ್ಲ.

ಈಗ ಮನೆಯಲ್ಲಿ ಕಟ್ಟಿಹಾಕಿದಂತೆ ಉಳಿದವರಿಗೆ. ಅತ್ತೆಗೆ ಪಾರ್ಶ್ವವಾಯು, ಅಪ್ಪನಿಗೆ ಡಯಾಲಿಸಿಸ್, ಹೀಗೆ ಓದು ಅರ್ಧಕ್ಕೆ ನಿಂತವರು ನಮ್ಮ ಸಭೆಯಲ್ಲೇ ಇದ್ದಾರೆ. ಅವರಿಗೆ ನಾನು ಜರ್ಮನ್ ಮಿಶನರಿ ಹೆರ್ಮನ್ ಮೋಗ್ಲಿಂಗ್ ಕತೆ ಹೇಳುತ್ತೇನೆ. 1836ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದವರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದವರು. ಕನ್ನಡದ ಮೊದಲ ಪತ್ರಿಕೆ ಅದು. 1850ರ ದಶಕದಲ್ಲಿ ಕೊಡಗಿಗೆ ಬಂದರು. ನಮ್ಮ ಸಿದ್ದಾಪುರದ ಹತ್ತಿರದ ಆನಂದಪುರ, ನೆಲೆ ಇಲ್ಲದ ಹೊಸ ವಿಶ್ವಾಸಿಗಳಿಗೆ ನೆಲೆಯಾಗಲಿ ಅಂತ ಅವರು ಮಾಡಿದ ಊರು. ಉಪದೇಶದ ಜೊತೆಗೆ ಮನೆ, ಜಮೀನು ಎಲ್ಲ ನೋಡಿಕೊಳ್ಳಬೇಕಾಯಿತು. ಅಷ್ಟರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ಹೊರಟರು, ಮತ್ತೆ ಈ ಕಡೆ ಬರಲಾಗಲಿಲ್ಲ. 1881ರಲ್ಲಿ ತೀರಿಕೊಂಡರು. ಕರೆ ಅನ್ನುವುದು ಜಾಗಕ್ಕೆ ಅಂಟಿದ್ದಾದರೆ ಆ ಕೊನೆಯ ಇಪ್ಪತ್ತು ವರ್ಷ ವ್ಯರ್ಥ ಅನ್ನಬೇಕಾಗುತ್ತದೆ. ನಾನು ಅನ್ನಲಾರೆ. ಕಾಯಿಲೆಯ ಹೆಂಡತಿಯನ್ನು ಕರೆದುಕೊಂಡು ಹಡಗು ಹತ್ತಿದ್ದೂ ನಂಬಿಗಸ್ತಿಕೆಯೇ. ಹಾಸಿಗೆ ಬಳಿ ಕೂತವರಿಗೆ ನನ್ನ ಸಲಹೆ ಇಷ್ಟು: ಮಾತ್ರೆಯ ಹೊತ್ತು, ಮಗ್ಗಲು ಬದಲಿಸಿದ ಹೊತ್ತು ಒಂದು ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಚೆಕ್‌ರೋಲ್ ಅದು. ಬೆನ್ನು ಹುಣ್ಣಾಗದ ಹಾಗೆ ನೋಡಿಕೊಂಡ ಕೈಯ ಕೆಲಸ ಕಾಣಿಸುವುದಿಲ್ಲ, ಹುಣ್ಣಾಗಲಿಲ್ಲ ಅನ್ನುವುದೇ ಅದರ ಗುರುತು. ವಾರದಲ್ಲಿ ಒಂದು ಮಧ್ಯಾಹ್ನ ನಿಮ್ಮನ್ನು ಬಿಡಿಸಲು ಸಭೆಯಿಂದ ಒಬ್ಬರನ್ನು ಕೇಳಿ. ನಾಚಿಕೆ ಬೇಡ. "ಪ್ರಾರ್ಥನೆ ಮಾಡ್ತೀವಿ" ಅಂತ ಹೋಗುವವರಿಗೆ ಒಂದು ಕೆಲಸ ಕೊಟ್ಟಂತೆಯೂ ಆಯಿತು.

ನಿಮ್ಮ ವರ, ಅಂದರೆ ದೇವರು ನಿಮಗೆ ಕೊಟ್ಟ ಸಾಮರ್ಥ್ಯ, ಯಾವುದು ಅಂತ ಹುಡುಕಲು ಪಟ್ಟಿ, ಪರೀಕ್ಷೆ ಎಲ್ಲ ಮೊಬೈಲಿನಲ್ಲಿ ಸಿಗುತ್ತದೆ. ನನಗೆ ಗೊತ್ತಾದದ್ದು 2018ರ ಆಗಸ್ಟ್‌ನಲ್ಲಿ. ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಕ್ಕೆ ಬಂದಾಗ ಹೊರಗಿನಿಂದ ಅಕ್ಕಿ, ಹೊದಿಕೆ ಲಾರಿಗಟ್ಟಲೆ ಬಂತು. ಆದರೆ ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲ ಮಣ್ಣಿನಡಿ ಹೋಗಿದ್ದವರ ಅರ್ಜಿ ಬರೆದುಕೊಡಲು ಜನ ಸಾಲದು. ನನಗೆ ಹಾಡಲು ಬರುವುದಿಲ್ಲ, ಪ್ರಸಂಗವೂ ಅಷ್ಟಕ್ಕಷ್ಟೇ. ಅಕ್ಷರ ದುಂಡಗಿದೆ, ಸರ್ವೆ ನಂಬರ್ ತಪ್ಪಿಲ್ಲದೆ ಬರೆಯುತ್ತೇನೆ. ಒಂದು ಬೆಂಚು, ಕಾರ್ಬನ್ ಪೇಪರು ಇಟ್ಟುಕೊಂಡು ಕೂತೆ. ಮನೆ ಇದ್ದ ಜಾಗ ಹೇಳುತ್ತಾ ಒಬ್ಬ ಅಜ್ಜ ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ಬಾವಿ ಇಲ್ಲಿ, ಕೊಟ್ಟಿಗೆ ಇಲ್ಲಿ ಅಂತ ತೋರಿಸಿದರು. ಬಾವಿ, ಕೊಟ್ಟಿಗೆ ಎರಡನ್ನೂ ಅರ್ಜಿಯಲ್ಲಿ ಸೇರಿಸಿದೆ. ನಿಮ್ಮ ವರ ತಿಳಿಯಬೇಕಾದರೆ ಅವಸರದ ಹೊತ್ತಿನಲ್ಲಿ ಜನ ನಿಮ್ಮನ್ನು ಯಾವುದಕ್ಕೆ ಕರೆಯುತ್ತಾರೆ ಅಂತ ಗಮನಿಸಿ. ಹೊಲಿಗೆಗೋ, ಜೀಪು ಓಡಿಸುವುದಕ್ಕೋ, ಹೆಣ ತೊಳೆಯುವುದಕ್ಕೋ. ಅದನ್ನು ಇನ್ನಷ್ಟು ಚೆನ್ನಾಗಿ ಕಲಿಯಿರಿ.

ನರ್ಸಿಂಗ್, ಬೈಬಲ್ ಕಾಲೇಜು ಎಲ್ಲ ಬಿಡಿ ಅಂತ ನಾನು ಹೇಳುತ್ತಿಲ್ಲ. ಸೀಟು ಸಿಕ್ಕರೆ ಹೋಗಿ. ಹೋಗುವ ಮುಂಚೆ ಇಲ್ಲಿನ ಲೆಕ್ಕ ಚುಕ್ತಾ ಮಾಡಿ: ಮುಂಗಡ ತೆಗೆದುಕೊಂಡದ್ದು, ಸಭೆಯಿಂದ ತಂದ ಗಿಟಾರ್, ಮಾತು ಬಿಟ್ಟಿರುವ ಚಿಕ್ಕಪ್ಪ.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯೂ ಬಿದ್ದ ಮೇಲೆ ಸ್ವಲ್ಪ ಬಿಡುವಾಗುತ್ತದೆ. ಓದುವ ಕೆಲಸ ಮಾತ್ರ ಮಳೆಗಾಲಕ್ಕೆ ಇಡಿ. ಜುಲೈಯಲ್ಲಿ ಕರೆಂಟ್ ಹೋದರೆ ಮೂರು ದಿನ ಇಲ್ಲ, ನೆಟ್‌ವರ್ಕೂ ಇಲ್ಲ, ತೋಟದಲ್ಲಿ ಕೆಲಸವೂ ಅಷ್ಟಿಲ್ಲ. ಕ್ಯಾಲೆಂಡರಿನ ವಚನ ಎಲ್ಲಿಂದ ಬಂತು ಅಂತ ಯೆರೆಮೀಯನ ಪುಸ್ತಕ ಮೊದಲಿನಿಂದ ಹಿಡಿಯಿರಿ. ಐವತ್ತೆರಡು ಅಧ್ಯಾಯ, ದಿನಕ್ಕೆ ಎರಡು ಓದಿದರೆ ತಿಂಗಳೊಳಗೆ ಮುಗಿಯುತ್ತದೆ. ಟಾರ್ಚಿನ ಸೆಲ್ ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಿ, ಮಳೆ ಹಿಡಿದ ಮೇಲೆ ಅಂಗಡಿಯಲ್ಲಿ ಸಿಗುವುದಿಲ್ಲ.